ನಾಲ್ಕು ನಿಮಿಷ ಮುಂದಿದ್ದವನು

ಪೆಟ್ಟಿಗೆಯ ಹಿಡಿಗೆ ಹಾಕಿದ್ದ ಧಣಿಯ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಿದಳು.

"ಮೊದಲು ಬಾಯಿ ಬಿಡು. ಆಮೇಲೆ ಹೆಗಲು ಕೊಡು."

ಸೈಕಲ್ ರಿಪೇರಿ ಅಂಗಡಿಯಲ್ಲಿ ನೆರೆದಿದ್ದವರು ಅವಳ ಕಡೆ ತಿರುಗಿದರು. ಎಣ್ಣೆ ಕುಡಿದು ಕಪ್ಪಾಗಿದ್ದ ಕೆಲಸದ ಮೇಜಿನ ಮೇಲೆ ಅವಳ ಗಂಡನ ಶವಪೆಟ್ಟಿಗೆ ಇತ್ತು. ಸೈಕಲ್ ರೇಸಿನವರು ಅವನನ್ನು ಗೋಡೆ ಎಂದು ಕರೆಯುತ್ತಿದ್ದರು. ತಂಡದಲ್ಲಿ ಎಂಟು ಜನ. ಗೆಲ್ಲಬೇಕಾದವನು ಒಬ್ಬ, ಅವನೇ ಧಣಿ. ಮಿಕ್ಕ ಏಳು ಜನ ಅವನ ಮುಂದೆ ತುಳಿದು, ಗಾಳಿಗೆ ತಾವು ಎದೆಯೊಡ್ಡಿ, ಅವನನ್ನು ದಣಿಯದಂತೆ ಗುರಿಯ ಹತ್ತಿರ ತಂದುಬಿಡುವವರು. ಗೋಡೆ ಹನ್ನೊಂದು ವರ್ಷ ಅದನ್ನೇ ಮಾಡಿದ್ದ. ಊರಿನವರ ಬಾಯಲ್ಲಿ ಮಾತ್ರ ಅವನು 'ಕಾಲು ಸೋತವ'. ಈಗಷ್ಟೇ ಬಾಗಿಲ ಬಳಿ ಬೇಕರಿಯವನು ಹಾಗೆಂದು ಲೊಚಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು.

*

ಮೂವತ್ತು ವರ್ಷದ ಹಿಂದೆ, ಆ ದೊಡ್ಡ ರೇಸಿನಲ್ಲಿ, ಗೋಡೆ ಗುಂಪು ಬಿಟ್ಟು ಒಬ್ಬನೇ ಮುಂದೆ ಹೋದ. ಹೋಗು ಎಂದದ್ದು ತಂಡದ ಮ್ಯಾನೇಜರ್. ಬೇರೆ ತಂಡದವರು ಇವನನ್ನು ಅಟ್ಟಿಸಿಕೊಂಡು ಬಂದು ಸುಸ್ತಾಗಲಿ, ಅವರ ಬೆನ್ನಿಗೆ ಧಣಿ ಬೆವರದೆ ಬರಲಿ ಎಂಬುದು ಉಪಾಯ. ಆದರೆ ಇವನೇನು ಗೆಲ್ಲುವ ಆಸಾಮಿಯೇ ಎಂದು ಯಾರೂ ಅಟ್ಟಲಿಲ್ಲ. ಇನ್ನು ಮೂವತ್ತು ಕಿಲೋಮೀಟರ್ ಇದ್ದಾಗ ಅವನು ಎಲ್ಲರಿಗಿಂತ ನಾಲ್ಕು ನಿಮಿಷ ಮುಂದಿದ್ದ. ಆಗ ತಂಡದ ಕಾರು ಪಕ್ಕಕ್ಕೆ ಬಂತು. ಧಣಿಯೂ ಗುಂಪು ಬಿಟ್ಟು ಹೊರಟಿದ್ದಾನೆ, ಒಂಟಿಯಾಗಿ ಗಾಳಿಗೆ ಸಿಕ್ಕಿದ್ದಾನೆ, ನಿಂತು ಕರೆದುಕೊಂಡು ಬಾ ಎಂದರು ಮ್ಯಾನೇಜರ್.

ಅವನು ಒಂದು ಕಾಲು ನೆಲಕ್ಕೂರಿ ನಿಂತ. ಜನ ಬೇಲಿಯಾಚೆಯಿಂದ, ತುಳಿಯೋ ಮಾರಾಯ ಎಂದು ಬೈದರು. ಧಣಿ ಬಂದ ಮೇಲೆ ಅವನನ್ನು ಬೆನ್ನಿಗೆ ಹಾಕಿಕೊಂಡು ಎಳೆದು, ಕೊನೆಯ ಏರಿನಲ್ಲಿ ಪಕ್ಕಕ್ಕೆ ಸರಿದ. ಧಣಿ ಗೆದ್ದ. ಏಕೆ ನಿಂತಿರಿ ಎಂದ ಪತ್ರಿಕೆಯವರಿಗೆ, ಕಾಲು ಸೋತವು ಎಂದ. ಹೆಂಡತಿಗೆ ಮಾತ್ರ ನಿಜ ಹೇಳಿದ.

"ನಾನಿರೋವರೆಗೂ ಇದು ಹೊರಗೆ ಬರಬಾರದು ಕಣೇ. ಅವನ ಗೆಲುವಿಗೆ ಮಸಿ ಹತ್ತುತ್ತೆ."

*

"ಇರೋವರೆಗೂ ಅಂದಿದ್ರು. ಇದ್ದಾಯ್ತು," ಎಂದಳು ಅವಳು. "ನಾನು ಹೇಳಿದ್ರೆ, ಗಂಡನ್ನ ಹೊಗಳ್ತಾಳೆ ಅಂತಾರೆ. ನೀನು ಹೇಳು."

ಧಣಿ ಬೇಕರಿಯವನ ಕಡೆ ತಿರುಗಿದ.

"ಕಾಲು ಸೋತಿರಲಿಲ್ಲ. ಅಣ್ಣ ನನಗೋಸ್ಕರ ನಿಂತ್ರು." ಅಷ್ಟಕ್ಕೇ ಮುಗಿಸಬಹುದಿತ್ತು. ಮುಗಿಸಲಿಲ್ಲ. "ಇನ್ನೊಂದಿದೆ ಅತ್ತಿಗೆ. ಅವತ್ತು ಮ್ಯಾನೇಜರ್ ಮೊದಲು ನನ್ನ ಪಕ್ಕ ಕಾರು ತಂದು, 'ಇವತ್ತು ಅವನೇ ಗೆಲ್ಲಲಿ ಬಿಡು' ಅಂದ್ರು. ಅಣ್ಣನ್ನ ನಿಲ್ಲಿಸಿ ಅಂತ ಹಟ ಹಿಡಿದವನು ನಾನು. ಅಣ್ಣನಿಗೂ ಗೊತ್ತಿರಲಿಲ್ಲ."

ಇದು ಅವಳಿಗೂ ಗೊತ್ತಿರಲಿಲ್ಲ. ಕಪಾಳಕ್ಕೆ ಬಿಗಿಯಲು ಕೈ ಎದ್ದಿತು, ಹಾಗೇ ಇಳಿಯಿತು. ಬೇಕರಿಯವನು ನೆಲ ನೋಡುತ್ತಿದ್ದ.

"ಹಿಡಿ," ಎಂದಳು. "ಮುಂದ್ಗಡೆ ಹಿಡಿ."

ಸ್ಮಶಾನದ ದಾರಿ ಏರು, ಗಾಳಿ ಎದುರು. ರೇಸಿನ ಹಳಬರು ಯಾರೂ ಹೇಳದೆಯೇ, ರೇಸಿನಲ್ಲಿ ಸರದಿಯ ಮೇಲೆ ಗಾಳಿಗೆ ಎದೆಯೊಡ್ಡುತ್ತಿದ್ದಂತೆ, ನೂರು ಹೆಜ್ಜೆಗೊಮ್ಮೆ ಮುಂದಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ ಆದರು. ಧಣಿ ಮಾತ್ರ ಜಾಗ ಬಿಡಲಿಲ್ಲ. ಮುಂದಿದ್ದು ರೂಢಿಯಿಲ್ಲದವನು, ಬಿರಬಿರನೆ ನಡೆದು ಹಿಂದಿನವರನ್ನು ಮುಗ್ಗರಿಸುವಂತೆ ಮಾಡಿದ.

"ಧಣಿ, ಹಿಂದೆ ಜನ ಇದ್ದೀವಿ," ಎಂದು ತಂಡದ ಮುದಿ ಮೆಕ್ಯಾನಿಕ್ ಏದುತ್ತ ಗದರಿದ.

ಧಣಿ ಹೆಜ್ಜೆ ಸಣ್ಣದು ಮಾಡಿದ. ಆಮೇಲೆ ಗೇಟಿನವರೆಗೂ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ಹಿಂದಿನವರ ಉಸಿರಿಗೆ ಕಿವಿಗೊಟ್ಟು ನಡೆದ.