ಮೇಜಿನ ಆಚೆ ಬದಿಯಿಂದ ಬರೆದದ್ದು

ಬಡಗಿಯ ಕೆಲಸದ ಕೋಣೆ ಮನೆಗೆ ಅಂಟಿಕೊಂಡೇ ಇತ್ತು. ನಡುವಿನ ಬಾಗಿಲು ತೆಗೆದರೆ ಅಡುಗೆಮನೆ, ಮುಚ್ಚಿದರೂ ಮರದ ಹೊಟ್ಟು ಬಾಗಿಲ ಸಂದಿನಿಂದ ಅಡುಗೆಮನೆಗೆ ಬಂದೇ ಬರುತ್ತಿತ್ತು. ಕೋಣೆಯ ಒಂದು ಗೋಡೆಯ ಉದ್ದಕ್ಕೂ ಕಿಟಕಿ. ಕಿಟಕಿಗೆ ಬೆನ್ನು ಕೊಟ್ಟು ಬಡಗಿ ನಿಲ್ಲುತ್ತಿದ್ದ, ಬೆಳಕು ಹೆಗಲ ಮೇಲಿಂದ ಇಳಿದು ಕೆಲಸದ ಮೇಲೆ ಬೀಳಲಿ ಎಂದು. ಮುಂದೆ ದಪ್ಪ ಹಲಗೆಯ ಮೇಜು. ಮೇಜಿನ ಆಚೆ ಬದಿ, ಅವನಿಗೆ ಎದುರಾಗಿ, ಸೊಸೆಯ ಸ್ಟೂಲು. ಕುರ್ಚಿಗಳಿಗೆ ಸ್ಯಾಂಡ್‌ಪೇಪರ್ ಉಜ್ಜುವುದು, ಪಾಲಿಶ್ ಹಚ್ಚುವುದು ಅವಳ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಪಾಲಿಶ್ ಗಂಧವೇ ಗೊತ್ತಿರಲಿಲ್ಲ. ಮಾವ ಬಾಯಿ ಬಿಟ್ಟು ಕಲಿಸುವ ಜಾತಿಯವನಲ್ಲ, ಗಂಡ ಆಚೆ ಶೆಡ್ಡಿನಲ್ಲಿ ಯಂತ್ರದ ಗದ್ದಲದೊಳಗೆ ಇರುವವನು. ಆಗ ಅವಳ ಕೈ ಹಿಡಿದದ್ದು ಫೋನಿನಲ್ಲಿ ಸಿಕ್ಕಿದ ಒಂದು ಜಾಲತಾಣ. ಯಾರೋ ಕಾಣದವರು, ಕಾಸಿನಾಸೆ ಇಲ್ಲದೆ, ಪಾಲಿಶ್ ಹಚ್ಚುವುದು ಹೇಗೆ ಎಂದು ಅಲ್ಲಿ ಬರೆದಿಟ್ಟಿದ್ದರು. ಬಟ್ಟೆಯನ್ನು ಹೇಗೆ ಮಡಚಬೇಕು ಎಂಬಲ್ಲಿಂದ ಶುರು ಮಾಡಿದ್ದರು. ಅದನ್ನು ಓದುತ್ತ ಓದುತ್ತ ಅವಳು ಈ ಮನೆಯ ಕೆಲಸ ಬಲ್ಲವಳಾದಳು.

ಆ ಋಣ ಅವಳ ತಲೆಯಲ್ಲಿ ಕೂತಿತ್ತು. ತಾನೂ ಒಂದು ಬರೆಯಬೇಕು, ಅದು ಅಲ್ಲಿ ನಿಲ್ಲಬೇಕು. ಕೈಗರಗಸದ ಹಲ್ಲುಗಳನ್ನು ಅರದಿಂದ ಉಜ್ಜಿ ಸಾಣೆ ಹಿಡಿಯುವುದರ ಬಗ್ಗೆ ಅಲ್ಲಿ ಯಾರೂ ಬರೆದಿರಲಿಲ್ಲ. ಮಾವ ಅದನ್ನು ಮಾಡುವುದನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ‘ಹೊಟ್ಟು’ ಎಂದು ಹೆಸರಿಟ್ಟುಕೊಂಡು ಬರೆದು ಕಳಿಸಿದಳು.

ಆ ತಾಣದ ಪದ್ಧತಿಯೇ ಬೇರೆ. ಲೇಖನ ಬಂದರೆ ಪರಿಶೀಲಕರು ಬರೀ ಓದಿ ತಲೆಯಾಡಿಸುವಂತಿಲ್ಲ. ಬರೆದದ್ದನ್ನು ಮುಂದಿಟ್ಟುಕೊಂಡು, ತಮಗೆ ಗೊತ್ತಿರುವುದನ್ನೆಲ್ಲ ಬದಿಗಿಟ್ಟು, ಬರೆದಷ್ಟನ್ನೇ ಮಾಡಿ ನೋಡಬೇಕು. ಎಲ್ಲಿ ಕೈ ನಿಂತಿತೋ ಅಲ್ಲಿಗೆ ಲೇಖನ ವಾಪಸ್ಸು. ಮೂರನೇ ಸಲವೂ ವಾಪಸ್ಸಾದರೆ ತೆಗೆದೇ ಹಾಕುತ್ತಾರೆ. ಆ ವಿಷಯಕ್ಕೆ ಅದೇ ಬರಹಗಾರರು ಮತ್ತೆ ಕೈ ಹಾಕುವಂತಿಲ್ಲ.

ಅವಳ ಲೇಖನ ಒಬ್ಬ ಪರಿಶೀಲಕರ ಪಾಲಿಗೆ ಬಂತು. ಅವರು ಅಲ್ಲಿ ಇಟ್ಟುಕೊಂಡ ಹೆಸರು ‘ತುಕ್ಕು’. ಯಾವುದೋ ಶಾಲೆಯಲ್ಲಿ ಮುರಿದ ಬೆಂಚು ರಿಪೇರಿ ಮಾಡುವವರು ಎಂಬಷ್ಟು ಗೊತ್ತಿತ್ತು. ಮೊದಲ ಸಲ ಅವರು ಕೇಳಿದ್ದು ಒಂದೇ: ಅರವನ್ನು ಹಗುರವಾಗಿ ತಳ್ಳಿ ಎಂದಿದ್ದೀರಿ, ಹಗುರ ಎಂದರೆ ಎಷ್ಟು ಹಗುರ? ಅವಳು ಮಾವನ ಕೈಯನ್ನು ಇನ್ನಷ್ಟು ಕಣ್ಣಿಟ್ಟು ನೋಡಿ, ಅರ ತನ್ನ ಭಾರದಿಂದಲೇ ಕೊರೆಯಬೇಕು, ಕೈ ದಾರಿ ತೋರಿಸಿದರೆ ಸಾಕು ಎಂದು ತಿದ್ದಿ ಕಳಿಸಿದಳು.

ಎರಡನೇ ಸಲದ ಉತ್ತರ ಉದ್ದಕ್ಕಿತ್ತು. ತುಕ್ಕು ಬರೆದಿದ್ದರು: ಗರಗಸವನ್ನು ಹಲ್ಲು ಮೇಲಾಗಿಸಿ ಎರಡು ಹಲಗೆಗಳ ನಡುವೆ ಬಿಗಿದೆ. ಹಲ್ಲುಗಳು ಒಂದು ಈ ಕಡೆ, ಒಂದು ಆ ಕಡೆ ಬಾಗಿರುತ್ತವೆ, ನಿಜ. ನೀವು ಹೇಳಿದ ಹಾಗೇ ನನ್ನ ಕಡೆ ಬಾಗಿದ ಹಲ್ಲುಗಳನ್ನು ಮೊದಲು ಅರೆದೆ. ಹಲ್ಲು ಹಲ್ಲಿಗೂ ಗರಗಸ ಕಿರುಚಿಕೊಂಡಿತು. ನಮ್ಮ ಮನೆಯವರೆಲ್ಲ ಅಂಗಳಕ್ಕೆ ಹೋಗಿ ನಿಂತರು. ಆಮೇಲೆ ಕೊಯ್ದು ನೋಡಿದರೆ ಅದು ಮರವನ್ನು ಕೊಯ್ಯಲಿಲ್ಲ, ಹರಿದುಹಾಕಿತು. ಒಂದು ಮಾತು ಕೇಳುತ್ತೇನೆ. ಇದನ್ನು ನೀವು ಕೈಯಾರೆ ಮಾಡಿದ್ದೀರಾ? ಮಾಡಿದ್ದೇನೆ ಎಂದರೆ ನನ್ನ ಗರಗಸದ್ದೇ ತಪ್ಪು ಅಂದುಕೊಂಡು ಲೇಖನವನ್ನು ಪಾಸು ಮಾಡುತ್ತೇನೆ.

ಅವಳು ಫೋನನ್ನು ಮಗುಚಿಟ್ಟಳು. ಹೂಂ ಎಂದರೆ ಮುಗಿಯಿತು. ಇಷ್ಟು ವರ್ಷ ನೋಡಿದ್ದು ಮಾಡಿದ್ದಕ್ಕೆ ಸಮವಲ್ಲವೇ ಎಂದು ಮನಸ್ಸು ವಕಾಲತ್ತು ಹಾಕಿತು. ಆದರೆ ಯಾರದೋ ಮನೆಯಲ್ಲಿ ಇನ್ನೊಂದು ಗರಗಸ ಹೀಗೇ ಕಿರುಚುವುದು, ಅದಕ್ಕೆ ಕಾರಣವಾದ ಲೇಖನದ ಕೆಳಗೆ ‘ಹೊಟ್ಟು’ ಎಂಬ ಹೆಸರಿರುವುದು ಅವಳ ಕಣ್ಣಿಗೆ ಕಟ್ಟಿತು. ಇಲ್ಲ ಎಂದು ಬರೆದಳು. ಮಾಡಿ ನೋಡಿ ಮತ್ತೆ ಕಳಿಸುತ್ತೇನೆ ಎಂದೂ ಬರೆದಳು. ಮಾವನ ಗರಗಸ ಮುಟ್ಟುವುದೆಂದರೇನು? ಸ್ವಂತ ಮಗನಿಗೇ ಅದು ಸಿಕ್ಕಿರಲಿಲ್ಲ. ಗರಗಸ ಒಂದೇ ಕೈಗೆ ಒಗ್ಗಬೇಕು ಎಂಬುದು ಅವನ ಹಟ.

ಬೆಳಿಗ್ಗೆ ಚಹಾ ಕೊಡುತ್ತ ಅತ್ತೆಯ ಕಿವಿಗೆ ಹಾಕಿದಳು. ಅತ್ತೆ ನಕ್ಕಳು.

“ನಾನೇ ಇಷ್ಟು ವರ್ಷದಲ್ಲಿ ಅದನ್ನ ಮುಟ್ಟಿಲ್ಲ ಕಣೇ. ಮುಟ್ಟಿದ್ರೆ ನನ್ನನ್ನೇ ಕೊಯ್ದು ಸ್ಟೂಲು ಮಾಡಿಬಿಡ್ತಿದ್ರು. ಕೇಳಿ ನೋಡು. ಬೈದ್ರೆ ಒಳಗೆ ಬಾ, ಚಹಾ ಇನ್ನೊಂದು ಲೋಟ ಇದೆ.”

ಮಾವ ಆ ಹೊತ್ತು ಬಾಗಿಲ ಚೌಕಟ್ಟಿಗೆ ಗುರುತು ಹಾಕುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿಸಿಕೊಂಡ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಏನು ಬರೆದಿದ್ದೀ ಓದು ಅಂದ. ಅವಳು ಸ್ಟೂಲಿನ ಮೇಲೆ ಕೂತು ಓದಿದಳು. ಹಲಗೆ ಬಿಗಿಯುವುದಕ್ಕೆ ಅವನು ಹೂಂಗುಟ್ಟಿದ. ಅರದ ಭಾರದ ಮಾತಿಗೆ ಹುಬ್ಬು ಸ್ವಲ್ಪ ಸಡಿಲವಾಯಿತು. ಮುಂದಿನ ಸಾಲಿಗೆ ಕೈ ಅಡ್ಡ ಮಾಡಿದ.

“ನನ್ನ ಕಡೆ ಬಾಗಿದ ಹಲ್ಲು ಅರೀತೀನಿ ಅಂತ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಿಲ್ಲ ಮಾವ. ನಾನೇ ನೋಡಿದ್ದೀನಿ.”

“ಎಲ್ಲಿಂದ ನೋಡಿದ್ದೀ?”

“ಇಲ್ಲಿಂದಲೇ.”

ಅಂದವಳು ತಾನು ಕೂತಿದ್ದ ಸ್ಟೂಲನ್ನೇ ನೋಡಿದಳು. ಅವಳ ಕಡೆ ಬಾಗಿದ್ದು ಅವನಿಗೆ ಆಚೆ ಬಾಗಿದ್ದು. ಅವನು ಅರೆಯುತ್ತಿದ್ದದ್ದು ತನ್ನಿಂದ ದೂರ ಬಾಗಿದ ಹಲ್ಲುಗಳನ್ನು. ಆಚೆ ಬದಿ ಕೂತು ನೋಡಿದವಳು ನೋಡಿದ್ದನ್ನು ನೋಡಿದ ಹಾಗೇ ಬರೆದಿದ್ದಳು. ಮುಖ ಬಿಸಿಯಾಯಿತು. ಮಾವನ ಮೀಸೆಯಡಿ ಏನೋ ಸುಳಿದಂತಾಯಿತು, ನಗುವೋ ಅಲ್ಲವೋ ತಿಳಿಯಲಿಲ್ಲ.

“ಈ ಕಡೆ ಬಾ,” ಅಂದ.

ಅವಳು ಮೇಜನ್ನು ಸುತ್ತಿ ಹೋದಳು. ಗುಡಿಸುವಾಗಲ್ಲದೆ ಆ ಬದಿಗೆ ಅವಳು ಹೋದದ್ದಿಲ್ಲ. ಅಲ್ಲಿ ನೆಲದ ಕಲ್ಲು ಅವನ ಕಾಲಿಗೆ ಸವೆದು ತಗ್ಗಾಗಿತ್ತು. ಮಾವ ಗೋಡೆಯಿಂದ ಗರಗಸ ಇಳಿಸಿ, ಹಲಗೆಗಳ ನಡುವೆ ಬಿಗಿದು, ಮೂರು ಮೂಲೆಯ ಅರವನ್ನು ಅವಳ ಕೈಗೆ ಕೊಟ್ಟ. ಕೊಟ್ಟ ಮೇಲೂ ಹಿಡಿಯನ್ನು ಒಂದು ಗಳಿಗೆ ಬಿಟ್ಟಿರಲಿಲ್ಲ. ಆಮೇಲೆ ಬಿಟ್ಟು, ಕಿಟಕಿಯ ಪಕ್ಕ ಸರಿದು ನಿಂತ.

ಮೊದಲ ಹಲ್ಲಿಗೆ ಅರ ಜಾರಿತು. ಎರಡನೆಯದಕ್ಕೆ ಕಚ್ಚಿತು. ಸದ್ದು ಕಿರುಚಾಟವಲ್ಲ, ಒಣಗಿದ ಎಲೆ ಎಳೆದ ಹಾಗೆ. ಮಾವ ಒಮ್ಮೆ ಮಾತ್ರ ಮುಂದೆ ಬಂದು ಅವಳ ಮೊಣಕೈಯನ್ನು ಬೆರಳಿಂದ ತುಸು ಕೆಳಗೆ ಒತ್ತಿ ಹೋದ. ಒಂದು ಬಿಟ್ಟು ಒಂದು ಹಲ್ಲು ಮುಗಿಸಿ, ಗರಗಸವನ್ನು ತಿರುಗಿಸಿ ಬಿಗಿದು, ಉಳಿದವನ್ನು ಅರೆದಳು. ಮುಗಿಯುವ ಹೊತ್ತಿಗೆ ಹೆಗಲು ಕಲ್ಲಾಗಿತ್ತು. ಕೈ ತೊಳೆದು ಬರುವಷ್ಟರಲ್ಲಿ ಮಾವ ಗರಗಸವನ್ನು ಬಿಚ್ಚಿ ಬೆಳಕಿಗೆ ಹಿಡಿದಿದ್ದ. ಒಂದು ತುಂಡು ಹಲಗೆ ಇಟ್ಟು ಕೊಯ್ದ. ಗೆರೆಯ ಮೇಲೇ ಹೋಯಿತು. ಚೌಕಟ್ಟಿನ ಕೆಲಸಕ್ಕೆ ಅದನ್ನೇ ಎತ್ತಿಕೊಂಡ. ಅವಳಿಗೆ ಅಷ್ಟು ಸಾಕಾಗಿತ್ತು.

ಅಂದೇ ಲೇಖನ ತಿದ್ದಿ ಕಳಿಸಿದಳು. ನಂತರದ ದಿನಗಳು ಫೋನು ನೋಡುವುದರಲ್ಲೇ ಹೋದವು. ಒಲೆಯ ಮುಂದೆ ನೋಡಿದಳು, ಪಾಲಿಶ್ ಒಣಗುವಾಗ ನೋಡಿದಳು. ಇವಳಿಗೇನು ಹೆರಿಗೆ ಸುದ್ದಿ ಬರಬೇಕಾ ಎಂದು ಅತ್ತೆ ಛೇಡಿಸಿದಳು. ಕೊನೆಗೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಬಂತು. ಲೇಖನ ಪಾಸಾಗಿತ್ತು. ಹೆಸರಿನ ಪಕ್ಕ ಹಸಿರು ಗುರುತು ಬಿದ್ದಿತ್ತು. ತುಕ್ಕು ಬರೆದಿದ್ದನ್ನು ಅವಳು ಎಲ್ಲರಿಗೂ ಕೇಳುವಂತೆ ಓದಿದಳು: ಈ ಸಲ ಗರಗಸ ಕೂಗಲಿಲ್ಲ, ಮನೆಯವರೂ ಒಳಗೇ ಇದ್ದರು. ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಅದು ನನ್ನ ಕೈಯ ದೋಷ.

ಮಾವ ತುತ್ತನ್ನು ತಟ್ಟೆಗೆ ಇಳಿಸಿದ.

“ಅದು ಅವರ ಕೈ ದೋಷ ಅಲ್ಲ. ಎಲ್ಲಾ ಆದ್ಮೇಲೆ, ಎಳೆಯೋ ಕಡೆ ಹಲ್ಲುಗಳ ಕೆನ್ನೆಗೆ ಸಾಣೆಕಲ್ಲು ಒಂದು ಸಲ ಆಡಿಸ್ಬೇಕು. ನಾ ಹೇಳಿರ್ಲಿಲ್ವಾ?”

“ಇಲ್ಲ ಮಾವ.”

ಅವನು ಯೋಚಿಸಿದ. ಅವಳು ಕೈ ತೊಳೆಯಲು ಹೋದಾಗ ತಾನೇ ಕಲ್ಲು ಆಡಿಸಿದ್ದನಂತೆ. ಕೈಗೆ ಅಭ್ಯಾಸವಾದದ್ದು ಬಾಯಿಗೆ ಬಂದಿರಲಿಲ್ಲ.

ಅವಳು ಲೇಖನವನ್ನು ಮತ್ತೆ ತೆರೆದಳು. ಗಂಡ, ಪಾಸಾದದ್ದನ್ನು ಮತ್ತೆ ಯಾಕೆ ಕೆದಕುತ್ತೀ ಅಂದ. ಅವನ ಮಾತೂ ಸುಳ್ಳಲ್ಲ. ಪಾಸಾದ ಲೇಖನಕ್ಕೆ ಒಂದು ಹೆಜ್ಜೆ ಸೇರಿಸಿದರೂ ಹಸಿರು ಗುರುತು ಅಳಿಯುತ್ತದೆ, ಮತ್ತೆ ಸಾಲಿನ ಕೊನೆಗೆ ಹೋಗಿ ಕಾಯಬೇಕು. ಬೇರೆ ಪರಿಶೀಲಕರ ಪಾಲಿಗೂ ಬೀಳಬಹುದು. ಎರಡು ವಾಪಸ್ಸಿನ ಲೆಕ್ಕವಂತೂ ಹಾಗೇ ಉಳಿದಿರುತ್ತದೆ. ಇನ್ನೊಂದಾದರೆ ಎಲ್ಲವೂ ಹೋಯಿತು.

ಅವಳು ಹಸಿರು ಗುರುತನ್ನು ಇನ್ನೊಮ್ಮೆ ನೋಡಿದಳು. ಎಲ್ಲೋ ಕೂತು ತುಕ್ಕು ಲೇಖನದ ತಪ್ಪನ್ನು ತಮ್ಮ ಕೈಗೆ ಹಾಕಿಕೊಂಡಿದ್ದರು.

“ಊಟ ಆದ್ಮೇಲೆ ಕಲ್ಲು ತೋರಿಸಿ ಮಾವ,” ಅಂದಳು. “ಮೊದಲು ಮಾಡ್ತೀನಿ. ಆಮೇಲೆ ಬರೀತೀನಿ.”

ಮಾವ ಹೂಂ ಅಂದು ಮತ್ತೆ ತುತ್ತು ಎತ್ತಿದ. ಈ ಸಲ ಬೇಗ ಬೇಗ ಉಣ್ಣುತ್ತಿದ್ದ.