ಬಾಗುವ ಹಲಗೆ

ಮನಾಲಿಯ ಹಿಮದ ಮೇಲೆ ನಿಂತು ಜಾರಲೆಂದು ನಾನು ತರಿಸಿದ್ದ ಎರಡು ಸ್ನೋಬೋರ್ಡುಗಳನ್ನು ಅಪ್ಪ ಹಿರೇಬೆಂಡಿಗೇರಿಯ ನಮ್ಮ ಕಣದಲ್ಲಿ ಕಳ್ಳಮಾಲಿನಂತೆ ತಿರುವಿ ನೋಡಿದ. ಒಂದು ಗಡುಸು, ಒಂದು ಒತ್ತಿದರೆ ಬಾಗುವಷ್ಟು ಮೆದು. ಸಮತಟ್ಟಾದ ಹಿಮದ ಮೇಲೆ ತುದಿಯೊತ್ತಿ ಗಿರಕಿ ಹೊಡೆಯುವ ಬಟರಿಂಗ್ ಆಟಕ್ಕೆ ನನಗೆ ಮೆದುವಾದದ್ದೇ ಬೇಕಿತ್ತು.

"ಬಾಗೋ ಹಲಗಿ ಅಂದ್ರ ಹಸಿ ಕಟಗಿ. ನಿನಗ ಟೊಪಗಿ ಹಾಕ್ಯಾರ, ಶೀಲಾ."

ಎತ್ತು ಎಳೆಯುವ ಕೊರಡಿನ ಮೇಲೆ ನಿಂತು ಹೊಲ ಸಮ ಮಾಡಿದವನಿಗೆ ಹಲಗೆಯ ವಿಷಯದಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ನನಗೆ ಸಿಟ್ಟು ಬಂತು.

"ನೀನ ನಿಂತ ನೋಡು," ಎಂದು ಮೆದುವಾದದ್ದನ್ನು ಭತ್ತದ ಹೊಟ್ಟಿನ ಮೇಲೆ ಎಸೆದೆ.

ಅಪ್ಪ ಹತ್ತಿ ಹಿಂದಿನ ಕಾಲು ಒತ್ತಿದ. ಮುಂದಿನ ತುದಿ ಎದ್ದಿತು. ಅರ್ಧ ಸುತ್ತು ತಿರುಗಿದ. ಇಳಿಯದೆ ನನ್ನನ್ನೇ ಸಂಶಯದಿಂದ ನೋಡಿದ.

"ಇದರಾಗ ಏನೋ ಮೋಸ ಐತಿ. ಇದು ನನ್ನ ಹತ್ರ ಇರ್ಲಿ. ನೀ ಗಡಸಿಂದ ತೊಗೊಂಡ ಹೋಗು."