ಓದಲು ಬಿಡದ ಚೀಟಿ

ಶಹಾಪುರದ ಆ ಖಾಸಗಿ ದವಾಖಾನೆಯಲ್ಲಿ ಸಾವಿತ್ರಿಬಾಯಿ ರೋಗಿಗಳ ಚೀಟಿ ನೋಡುವವಳು. ಸಿಬ್ಬಂದಿಗೆಂದು ಇಟ್ಟ ತರಬೇತಿಗೆ ಬಂದು ಕೂತಾಗಲೇ ಅವಳ ಮೈ ಸಿಟ್ಟಿನಿಂದ ಉರಿಯುತ್ತಿತ್ತು. ಯಾದಗಿರಿಯಿಂದ ಬಂದ ದೇವಿಕಾ ಮೇಡಂ ಕೃತಕ ಬುದ್ಧಿಮತ್ತೆಯನ್ನು ನೀತಿಯಿಂದ ಬಳಸುವುದು ಹೇಗೆಂದು ಹೇಳುತ್ತಿದ್ದರು.

"ಯಂತ್ರ ಬರೆದದ್ದನ್ನ ಮನುಷ್ಯರು ಓದಲೇಬೇಕು. ಓದದೆ ಒಪ್ಪಿದ್ರೆ ತಪ್ಪು ನಿಮ್ದೇ."

ಮ್ಯಾನೇಜರ್ ಹಣಮೇಶ ಜೋರಾಗಿ ತಲೆಯಾಡಿಸಿದ.

ಮೂರು ವಾರದ ಹಿಂದೆ ಕಕ್ಕೇರಾದ ಭೀಮವ್ವ ಬಂದಿದ್ದಳು. ಮಾತು ಕೇಳಿ ಬರೆದುಕೊಳ್ಳುವ ಹೊಸ ಯಂತ್ರದ ಮುಂದೆ ಕೂತು, "ಎದಿ ಹಿಡದದ್ರಿ, ರಟ್ಟಿ ಜೋಮ ಹಿಡದದ" ಎಂದಳು. ರಟ್ಟಿ ಎಂದರೆ ತೋಳು ಎಂಬ ಈ ಕಡೆಯ ಮಾತು ತಿಳಿಯದ ಯಂತ್ರ 'ರೊಟ್ಟಿ ತಿಂದ ಮೇಲೆ ಎದೆಯುರಿ' ಎಂದು ಬರೆಯಿತು. ಡಾಕ್ಟರು ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದರು. ಸುರಪುರ ದಾಟುವಷ್ಟರಲ್ಲಿ ಭೀಮವ್ವ ಬಸ್ಸಿನಲ್ಲೇ ಕುಸಿದಳು. ಕಲಬುರಗಿಗೆ ಒಯ್ದದ್ದಕ್ಕೆ ಜೀವ ಉಳಿಯಿತು, ಹೊಲಕ್ಕೆ ಹೋಗುವ ತ್ರಾಣ ಉಳಿಯಲಿಲ್ಲ. ಚೀಟಿಯ ಕೆಳಗೆ 'ಓದಿ ನೋಡಿದವರು: ಸಾವಿತ್ರಿಬಾಯಿ' ಎಂದು ತಾನಾಗಿಯೇ ಅಚ್ಚಾಗಿತ್ತು.

ಹಣಮೇಶ ಈಗ ಕಾಗದ ಹಂಚಿದ. ಯಂತ್ರ ತಪ್ಪಿದರೆ ಹೊಣೆ ಸಿಬ್ಬಂದಿಯದೇ ಎಂದು ಎಲ್ಲರೂ ಸಹಿ ಹಾಕಬೇಕು.

ಸಾವಿತ್ರಿಬಾಯಿ ಎದ್ದಳು. "ಮೇಡಂ, ಯಾವಾಗ ಓದಬೇಕ್ರಿ? ಒಬ್ಬ ರೋಗಿಗೆ ಎರಡ ನಿಮಿಷ ಅಂತ ಈ ಮ್ಯಾನೇಜರರೇ ಹುಕುಂ ಮಾಡ್ಯಾರ. ಅವತ್ತ ಭೀಮವ್ವನ ಚೀಟಿ ನಾ ತಿದ್ದಾಕ ಹೋದರ, ಹೊರಗ ಮಂದಿ ಪಾಳಿ ಬೆಳದದ ಅಂತ ಇವರೇ ಗುಂಡಿ ಒತ್ತಿ ಡಾಕ್ಟರ ಕಡೆ ಕಳಸಿದ್ರು!"

"ಸುಮ್ನ ಕೂಡ್ರಿ. ಇದು ತಕರಾರಿನ ಜಾಗ ಅಲ್ಲ," ಎಂದ ಹಣಮೇಶ.

"ಕೂಡಂಗಿಲ್ಲ! ಓದಾಕ ಬಿಡದವರು ನೀವು, ಹೆಸರ ನಂದ್ಯಾಕ ಹಾಕಿದ್ರಿ?"

ದೇವಿಕಾ ಅವನತ್ತ ತಿರುಗಿದರು. "ಖರೇನ್ರಿ?"

"ಹೆಸರು ತಾನಾಗೇ ಬೀಳೋ ಹಂಗ ಯಂತ್ರದ ಕಂಪನಿಯವರ ಇಟ್ಟಾರ್ರಿ..."

"ನೀವ್ಯಾಕ ತೆಗಸಲಿಲ್ಲ?"

ಹಣಮೇಶ ಉಳಿದವರತ್ತ ತಿರುಗಿ, "ಲಗೂ ಸಹಿ ಹಾಕ್ರಿ," ಎಂದ.

ಸಾವಿತ್ರಿಬಾಯಿ ಕಾಗದದ ಮೇಲೆ 'ನನಗೆ ಓದಲು ಬಿಡಲಿಲ್ಲ' ಎಂದು ಬರೆದು ಸಹಿ ಹಾಕಿದಳು. ಪಕ್ಕದ ನರ್ಸ್ ಕುಬ್ರಾಬೇಗಂ ಅದನ್ನೇ ಬರೆದಳು. ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ಬರೆದರು. ಆ ಕಾಗದಗಳನ್ನು ದೇವಿಕಾ ತಮ್ಮ ವರದಿಗೆ ಸೇರಿಸಿ ದವಾಖಾನೆಯ ಮಾಲೀಕರಿಗೆ ಕೊಟ್ಟರು.

ಮುಂದಿನ ವಾರ ಎರಡು ನಿಮಿಷದ ಹುಕುಂ ಹೋಯಿತು, ತಾನಾಗಿ ಬೀಳುವ ಹೆಸರೂ ಹೋಯಿತು. ಸಾವಿತ್ರಿಬಾಯಿಯನ್ನು ಮಾತ್ರ ಚೀಟಿ ನೋಡುವ ಕೆಲಸದಿಂದ ತೆಗೆದು ಹಾಸಿಗೆ ಬಟ್ಟೆಯ ಕೋಣೆಗೆ ಹಾಕಿದರು.

ಭಾನುವಾರ ಅವಳು ಕಕ್ಕೇರಾಕ್ಕೆ ಹೋಗಿ ನಡೆದದ್ದನ್ನೆಲ್ಲ ಭೀಮವ್ವನ ಮುಂದೆ ಹೇಳಿದಳು.

"ಯಂತ್ರಕ್ಕ ತಿಳೀಲಿಲ್ಲ ಬಿಡು. ನಾ ಅಂದದ್ದು ನಿನಗರ ತಿಳಿದಿತ್ತಲ್ಲವ್ವ?" ಎಂದಳು ಭೀಮವ್ವ.

"ತಿಳಿದಿತ್ತಬೇ," ಎಂದಳು ಸಾವಿತ್ರಿಬಾಯಿ. ಹಣಮೇಶನ ಮೇಲಿದ್ದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ತನ್ನ ಮೇಲೆಯೇ ತಿರುಗಿತು. ಅವತ್ತೇ ಡಾಕ್ಟರಿಗೆ ಕೇಳುವ ಹಾಗೆ ಯಾಕೆ ಕೂಗಲಿಲ್ಲ ತಾನು?